ಬೆಳಕು ಸೂಸುವ ಡಯೋಡು ಮತ್ತು ಅರೆವಾಹಕ ಲೇಸರು: ವಿಜಯಪುರ ಸೀಮೆಯ ಬಿಸಿಲಿನಲ್ಲಿ

ಕಾದ ತಂತಿಯನ್ನಾಗಲಿ ಉರಿಯುವ ಅನಿಲವನ್ನಾಗಲಿ ನಡುವೆ ತಾರದೆ, ವಿದ್ಯುತ್ಪ್ರವಾಹವನ್ನು ಸ್ಫಟಿಕವೊಂದರ ಒಡಲೊಳಗೇ ನೇರವಾಗಿ ಬೆಳಕನ್ನಾಗಿ ಮಾರ್ಪಡಿಸುವ ಸಾಧನಗಳಲ್ಲಿ ಎರಡು ಪ್ರಧಾನವಾದವು: ಜನರ ಬಾಯಲ್ಲಿ ಎಲ್‌ಇಡಿ ಎಂದು ನೆಲೆಗೊಂಡಿರುವ ಬೆಳಕು ಸೂಸುವ ಡಯೋಡು ಒಂದು, ಅರೆವಾಹಕ ಲೇಸರು ಮತ್ತೊಂದು. ಇವೆರಡೂ ಒಂದೇ ಕುಲದ ಸ್ಫಟಿಕಗಳಿಂದ ಹುಟ್ಟಿದವು. ಮೊದಲನೆಯದರಲ್ಲಿ ಬೆಳಕು ತನ್ನಷ್ಟಕ್ಕೆ ತಾನೇ ಹುಟ್ಟಿ ಎಲ್ಲ ದಿಕ್ಕುಗಳಿಗೂ ಚೆದುರುತ್ತದೆ. ಎರಡನೆಯದರಲ್ಲಿ ಹುಟ್ಟಿದ ಬೆಳಕೇ ಇನ್ನಷ್ಟು ಬೆಳಕನ್ನು ಪ್ರಚೋದಿಸಿ, ಒಂದೇ ದಿಕ್ಕು, ಒಂದೇ ಬಣ್ಣ, ಒಂದೇ ಲಯವುಳ್ಳ ಕಿರಣವಾಗಿ ಹೊರಬರುತ್ತದೆ.

2014ರ ನವೆಂಬರ್ 1ರವರೆಗೆ ಬಿಜಾಪುರವೆಂದು ಕರೆಯಲಾಗುತ್ತಿದ್ದ ವಿಜಯಪುರ ಜಿಲ್ಲೆಯಲ್ಲಿ, ಜಿಲ್ಲಾಕೇಂದ್ರದ ತಾಲ್ಲೂಕನ್ನು ಬಿಟ್ಟರೆ ಬಹುಕಾಲ ಇದ್ದುವು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳು. ಈಚಿನ ವರ್ಷಗಳಲ್ಲಿ ಇವುಗಳಿಂದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ತಾಲ್ಲೂಕುಗಳು ಬೇರ್ಪಟ್ಟಿವೆ. ಬಡಗಲಲ್ಲಿ ಭೀಮೆ, ತೆಂಕಲಲ್ಲಿ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಎರೆನೆಲದ ಸೀಮೆಯಲ್ಲಿ ಮೇಲೆ ಹೇಳಿದ ಸಾಧನಗಳಾವುವೂ ತಯಾರಾಗುವುದಿಲ್ಲ. ಆದರೆ ಮನೆಯ ಪಡಸಾಲೆಯ ಬಲ್ಬಿನಲ್ಲಿ, ಬೀದಿಯ ಕಂಬದಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಗೆ ಬಿಗಿದ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಇವೆರಡೂ ದಿನವಹಿ ದುಡಿಯುತ್ತಿವೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ವಾಡಿಕೆ. ಸಾಧನದ ಗುಣವನ್ನು ತಯಾರಕನು ಕೋಷ್ಟಕದಲ್ಲಿ ಅಚ್ಚುಹಾಕುವುದಾದರೋ ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕದಲ್ಲಿ. ಈ ಎರಡು ಅಂಕೆಗಳ ನಡುವಣ ಅಂತರವೇ ಬೆಳಕಿನ ಅರೆವಾಹಕಗಳ ವಿನ್ಯಾಸವಿದ್ಯೆಯ ತಿರುಳೆಂದು ಹೇಳಿದರೆ ಅತಿಶಯೋಕ್ತಿಯಾಗದು. ಆದುದರಿಂದ ಈ ಲೇಖನವು ಆ ವಿದ್ಯೆಯನ್ನು ಈ ನೆಲದ ಬಿಸಿಲಿನಲ್ಲಿ ನಿಲ್ಲಿಸಿ ನೋಡುತ್ತದೆ.

ಸ್ಫಟಿಕದ ಮೇಲೆ ವಿದ್ಯುತ್ತು ಹಾಯ್ದಾಗ ಮಂದವಾದ ಬೆಳಕು ಮೂಡುವುದನ್ನು ಇಂಗ್ಲೆಂಡಿನ ಎಚ್. ಜೆ. ರೌಂಡ್ 1907ರಲ್ಲಿಯೇ ಗಮನಿಸಿದ್ದನು. ರಷ್ಯದ ಒಲೆಗ್ ಲೊಸೆವ್ 1920ರ ದಶಕದಲ್ಲಿ ಅದನ್ನು ಹೆಚ್ಚು ಶ್ರದ್ಧೆಯಿಂದ ಅಭ್ಯಸಿಸಿದನು. ಆದರೆ ಕಾರಣವನ್ನು ವಿವರಿಸಬಲ್ಲ ಸಿದ್ಧಾಂತ ಆಗಿನ್ನೂ ಬಲಿತಿರಲಿಲ್ಲ. 1962ರಲ್ಲಿ ಅಮೆರಿಕದ ಹಲವು ಪ್ರಯೋಗಶಾಲೆಗಳು ಕೆಲವೇ ವಾರಗಳ ಅಂತರದಲ್ಲಿ ಅರೆವಾಹಕ ಲೇಸರನ್ನು ಸಾಧಿಸಿದುವು: ಜನರಲ್ ಎಲೆಕ್ಟ್ರಿಕ್ಕಿನ ರಾಬರ್ಟ್ ಹಾಲ್ ಕಣ್ಣಿಗೆ ಕಾಣದ ಅವರಕ್ತ ಕಿರಣವನ್ನೂ, ಅದೇ ಸಂಸ್ಥೆಯ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನೂ ಪಡೆದರು. ಆ ಮೊದಲ ಲೇಸರುಗಳನ್ನು ದ್ರವ ನೈಟ್ರೊಜನ್ನಿನಲ್ಲಿ, ಎಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಅದ್ದಿಯೇ ಬೆಳಗಿಸಬೇಕಾಗಿತ್ತು; ಅದೂ ಕ್ಷಣಿಕ ಮಿಡಿತಗಳಲ್ಲಿ ಮಾತ್ರ. ಶಾಖದೊಡನೆ ಈ ಸಾಧನಗಳ ವೈರ ಹುಟ್ಟಿನಿಂದಲೇ ಬಂದದ್ದು.

ಅರೆವಾಹಕದಲ್ಲಿ ಎಲೆಕ್ಟ್ರಾನುಗಳು ನಿಲ್ಲಬಹುದಾದ ಎರಡು ಶಕ್ತಿಪಟ್ಟಿಗಳಿದ್ದು ಅವುಗಳ ನಡುವೆ ನಿಷಿದ್ಧವಾದ ಅಂತರವೊಂದಿರುತ್ತದೆ. ಋಣಾಂಶ ಹೆಚ್ಚಿದ ಪದರವನ್ನೂ ಧನಾಂಶ ಹೆಚ್ಚಿದ ಪದರವನ್ನೂ ಜೋಡಿಸಿ ಮುಂದೊತ್ತಾಗಿ ವಿದ್ಯುತ್ತು ಹಾಯಿಸಿದಾಗ, ಮೇಲಿನ ಪಟ್ಟಿಯ ಎಲೆಕ್ಟ್ರಾನು ಕೆಳಗಿನ ಪಟ್ಟಿಯ ಖಾಲಿ ಜಾಗವನ್ನು, ಎಂದರೆ ರಂಧ್ರವನ್ನು, ಸಂಧಿಯಲ್ಲಿ ಕೂಡಿಕೊಂಡು ಆ ಅಂತರದಷ್ಟು ಶಕ್ತಿಯನ್ನು ಬಿಟ್ಟುಕೊಡುತ್ತದೆ. ಬೆಳಕಿನ ತರಂಗದೂರವನ್ನು ನಿರ್ಣಯಿಸುವುದು ಆ ಅಂತರ. 1240 ಎಂಬ ಸಂಖ್ಯೆಯನ್ನು ಎಲೆಕ್ಟ್ರಾನ್ ವೋಲ್ಟುಗಳಲ್ಲಿರುವ ಅಂತರದಿಂದ ಭಾಗಿಸಿದರೆ ತರಂಗದೂರ ನ್ಯಾನೊಮೀಟರುಗಳಲ್ಲಿ ದೊರೆಯುತ್ತದೆ. ಗ್ಯಾಲಿಯಂ ಆರ್ಸೆನೈಡಿನ ಅಂತರ 1.42, ಆದುದರಿಂದ ಅದರ ಬೆಳಕು ಸುಮಾರು 870 ನ್ಯಾನೊಮೀಟರಿನ ಅವರಕ್ತ. ಗ್ಯಾಲಿಯಂ ನೈಟ್ರೈಡಿನ ಅಂತರ 3.4, ಅದರದು 365 ನ್ಯಾನೊಮೀಟರಿನ ಅತಿನೇರಿಳೆ. ಇಂಡಿಯಂ ಬೆರೆಸುತ್ತ ಹೋದಂತೆ ಅದು ನೀಲಿಗೂ ಹಸಿರಿಗೂ ಇಳಿಯುತ್ತದೆ. ಜಗತ್ತಿನ ಎಲೆಕ್ಟ್ರಾನಿಕ್ಸಿಗೆಲ್ಲ ಆಧಾರವಾದ ಸಿಲಿಕಾನು ಈ ಪಂಕ್ತಿಗೆ ಸೇರದು: ಅದರಲ್ಲಿ ಎಲೆಕ್ಟ್ರಾನು ಕೆಳಗಿಳಿಯಬೇಕಾದರೆ ತನ್ನ ಸಂವೇಗವನ್ನೂ ಬದಲಿಸಬೇಕಾದುದರಿಂದ ಶಕ್ತಿಯ ಬಹುಪಾಲು ಸ್ಫಟಿಕದ ಕಂಪನವಾಗಿ, ಎಂದರೆ ಶಾಖವಾಗಿ, ಸೋರಿಹೋಗುತ್ತದೆ.

ಕೂಡಿಕೆಯ ಬಗೆಗಳು ಮೂರು. ಸ್ಫಟಿಕದ ದೋಷಗಳಲ್ಲಿ ಸಿಕ್ಕಿ ಬೆಳಕಿಲ್ಲದೆ ಮುಗಿಯುವುದು ಒಂದು. ಬೆಳಕು ಕೊಡುವುದು ಎರಡನೆಯದು. ಒಂದು ಜೋಡಿ ಕೂಡಿದಾಗ ಬಿಡುಗಡೆಯಾದ ಶಕ್ತಿಯನ್ನು ಮೂರನೆಯ ಕಣವೊಂದು ಕಸಿದುಕೊಂಡು ಅದನ್ನು ಶಾಖವಾಗಿ ಚೆಲ್ಲುವ ಓಜೆ ಕ್ರಿಯೆ ಮೂರನೆಯದು. ಕಣಸಾಂದ್ರತೆ ಏರಿದಂತೆ ಮೊದಲನೆಯದು ಅದೇ ಪ್ರಮಾಣದಲ್ಲಿಯೂ, ಎರಡನೆಯದು ಅದರ ವರ್ಗದಂತೆಯೂ, ಮೂರನೆಯದು ಘನದಂತೆಯೂ ಏರುವುದರಿಂದ, ನೀಲಿ ಡಯೋಡಿಗೆ ಹೆಚ್ಚು ಹೆಚ್ಚು ಪ್ರವಾಹ ತುಂಬಿದಷ್ಟೂ ಅದರ ದಕ್ಷತೆ ಕುಸಿಯುತ್ತದೆ. ಅಗ್ಗದ ಬಲ್ಬಿನೊಳಗೆ ಕೆಲವೇ ಡಯೋಡು ಚಿಪ್ಪುಗಳನ್ನಿಟ್ಟು ಅವುಗಳ ಮೇಲೆ ಪೂರ್ಣ ಹೊರೆ ಹೇರುವ ತಯಾರಕನಿಗಿಂತ, ಹೆಚ್ಚು ಚಿಪ್ಪುಗಳನ್ನಿಟ್ಟು ಪ್ರತಿಯೊಂದನ್ನೂ ಹದವಾಗಿ ದುಡಿಸುವ ತಯಾರಕನು ಅದೇ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡಬಲ್ಲನು.

ಸ್ಫಟಿಕದೊಳಗೆ ಹುಟ್ಟಿದ ಬೆಳಕನ್ನು ಹೊರಗೆ ತರುವುದು ಇನ್ನೊಂದು ಕಷ್ಟ. ಗ್ಯಾಲಿಯಂ ಆರ್ಸೆನೈಡಿನ ವಕ್ರೀಭವನಾಂಕ ಸುಮಾರು 3.5 ಆಗಿರುವುದರಿಂದ, ಲಂಬದಿಂದ ಸುಮಾರು 16 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮೇಲ್ಮೈಯನ್ನು ಮುಟ್ಟಿದ ಬೆಳಕೆಲ್ಲ ಒಳಕ್ಕೇ ಪ್ರತಿಫಲಿಸುತ್ತದೆ; ಆಳವಾದ ಬಾವಿಯ ತಳದಲ್ಲಿ ನಿಂತು ಕತ್ತೆತ್ತಿದವನಿಗೆ ಆಕಾಶ ಎಷ್ಟು ಕಾಣುವುದೋ ಅಷ್ಟೇ ಕಿರಿದಾದ ಶಂಕುವಿನ ಮೂಲಕ ಅದು ಹೊರಬರಬೇಕು. ಚಪ್ಪಟೆಯಾದ ಒಂದು ಮುಖದಿಂದ ಗಾಳಿಗೆ ನೇರವಾಗಿ ಬರುವ ಪಾಲು ನೂರಕ್ಕೆ ಎರಡು ಮಾತ್ರ. ಗ್ಯಾಲಿಯಂ ನೈಟ್ರೈಡಿನಲ್ಲಿ ಅದು ನೂರಕ್ಕೆ ನಾಲ್ಕರಷ್ಟು. ಚಿಪ್ಪಿನ ಮೇಲೆ ಪಾರದರ್ಶಕ ರಾಳದ ಗುಮ್ಮಟವನ್ನು ಎರಕ ಹೊಯ್ಯುವುದು, ಮೇಲ್ಮೈಯನ್ನು ಬೇಕೆಂದೇ ಒರಟುಗೊಳಿಸುವುದು, ಸ್ಫಟಿಕ ಬೆಳೆಯುವ ನೀಲಮಣಿ ಬಿಲ್ಲೆಯ ಮೇಲೆ ಮೊದಲೇ ಸೂಕ್ಷ್ಮ ದಿಬ್ಬಗಳನ್ನು ಕೆತ್ತುವುದು, ತಳದಲ್ಲಿ ಬೆಳ್ಳಿಯ ಪ್ರತಿಫಲಕವನ್ನು ಹಾಸುವುದು, ಇವೆಲ್ಲವೂ ಆ ಶಂಕುವಿನಿಂದ ತಪ್ಪಿಸಿಕೊಳ್ಳಲು ಬೆಳಕಿಗೆ ಮತ್ತೆ ಮತ್ತೆ ಅವಕಾಶ ಕೊಡುವ ಉಪಾಯಗಳು. ಇವುಗಳಿಂದಾಗಿ ಇಂದಿನ ಉತ್ತಮ ನೀಲಿ ಚಿಪ್ಪಿನಲ್ಲಿ ಒಳಗೆ ಹುಟ್ಟಿದ ಬೆಳಕಿನ ಬಹುಪಾಲು ಹೊರಬರುತ್ತದೆ.

ನೀಲಿ ಬೆಳಕಿಗಾಗಿ ಜಗತ್ತು ಮೂವತ್ತು ವರ್ಷ ಕಾಯಬೇಕಾಯಿತು. ಜಪಾನಿನ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ 1986ರಲ್ಲಿ ನೀಲಮಣಿಯ ಮೇಲೆ ತೆಳುವಾದ ಅಲ್ಯೂಮಿನಿಯಂ ನೈಟ್ರೈಡ್ ಪದರವನ್ನು ಹಾಸಿ ಉತ್ತಮ ಗ್ಯಾಲಿಯಂ ನೈಟ್ರೈಡನ್ನು ಬೆಳೆಸಿದರು. 1989ರಲ್ಲಿ ಮೆಗ್ನೀಸಿಯಂ ಬೆರೆಸಿದ ಪದರವನ್ನು ಧನವಾಹಕವಾಗಿಸುವ ದಾರಿ ತೋರಿದರು. ನಿಚಿಯಾ ಸಂಸ್ಥೆಯ ಶುಜಿ ನಕಾಮುರಾ 1993ರ ವೇಳೆಗೆ ಪ್ರಖರವಾದ ನೀಲಿ ಡಯೋಡನ್ನು ಮಾರುಕಟ್ಟೆಗೆ ತಂದನು. ಮೂವರಿಗೂ 2014ರ ನೊಬೆಲ್ ಪ್ರಶಸ್ತಿ ಸಂದಿತು. ಸುಮಾರು 450 ನ್ಯಾನೊಮೀಟರಿನ ನೀಲಿ ಚಿಪ್ಪಿನ ಮೇಲೆ ಸೀರಿಯಂ ಬೆರೆತ ಇಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್ ಎಂಬ ಹಳದಿ ರಂಜಕದ ಲೇಪವನ್ನು ಹಚ್ಚಿದರೆ, ಉಳಿದ ನೀಲಿಯೂ ಹೊಸ ಹಳದಿಯೂ ಕೂಡಿ ಕಣ್ಣಿಗೆ ಬಿಳಿಯಾಗುತ್ತವೆ. ಹಳೆಯ ತಂತಿಬಲ್ಬು ಒಂದು ವಾಟಿಗೆ ಹತ್ತರಿಂದ ಹದಿನೈದು ಲ್ಯೂಮೆನ್ ಕೊಡುತ್ತಿದ್ದರೆ, ಇಂದಿನ ಎಲ್‌ಇಡಿ ಬಲ್ಬು ನೂರರ ಆಸುಪಾಸು ಕೊಡುತ್ತದೆ.

ಈ ಬಲ್ಬು ವಿಜಯಪುರದ ಹಳ್ಳಿಗಳಿಗೆ ಗಣನೀಯವಾಗಿ ಬಂದದ್ದು 2015ರ ಜನವರಿ 5ರಂದು ಕೇಂದ್ರಸರಕಾರ ಆರಂಭಿಸಿದ ಉಜಾಲಾ ಯೋಜನೆಯಿಂದ, ಮತ್ತು ಅದೇ ವರ್ಷದ ಕೊನೆಯಲ್ಲಿ ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಿಂದ ನಡೆದ ವಿತರಣೆಯಿಂದ. ಸಗಟು ಖರೀದಿಯ ಬಲದಿಂದ ಬಲ್ಬಿನ ಖರೀದಿ ಬೆಲೆ 2014ರಲ್ಲಿದ್ದ 310 ರೂಪಾಯಿಯಿಂದ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಆಲಮಟ್ಟಿಯ 290 ಮೆಗಾವಾಟಿನ ಜಲವಿದ್ಯುದಾಗಾರವೂ ಕೂಡಗಿಯ 2400 ಮೆಗಾವಾಟಿನ ಶಾಖವಿದ್ಯುತ್ ಸ್ಥಾವರವೂ ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಮೇರೆಯೊಳಗೇ ಇದ್ದರೂ, ಸಂಜೆಯ ಹೊತ್ತು ಊರೂರಿನ ಕರೆಂಟು ಸಾಲದೆ ಹೋಗುತ್ತಿದ್ದ ಕಾಲವನ್ನು ಕಂಡವರಿಗೆ, 60 ವಾಟಿನ ಬಲ್ಬಿದ್ದ ಜಾಗದಲ್ಲಿ 9 ವಾಟಿನದು ಬಂದುದರ ಬೆಲೆ ತಿಳಿಯುತ್ತದೆ.

ಇಷ್ಟಾದರೂ ಈ ಬಲ್ಬು ಬಿಸಿಲಿಗೆ ಅಳುಕುತ್ತದೆ. ಕಾರಣವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ತಂತಿಬಲ್ಬು ತನ್ನ ಶಾಖವನ್ನು ಅವರಕ್ತ ಕಿರಣಗಳಾಗಿ ಸುತ್ತಲಿಗೂ ಎಸೆದುಬಿಡುತ್ತಿತ್ತು, ಅದಕ್ಕೆ ಬಿಸಿಯೇ ಸ್ವಭಾವ. ಎಲ್‌ಇಡಿ ಹಾಗೆ ಕಿರಣರೂಪದಲ್ಲಿ ಶಾಖವನ್ನು ಹೊರಹಾಕದು, ಸಾಸಿವೆಯಷ್ಟು ಚಿಪ್ಪಿನಲ್ಲಿ ಹುಟ್ಟಿದ ಬಿಸಿ ಬೆಸುಗೆಯ ಮೂಲಕ, ಲೋಹದ ಹಲಗೆಯ ಮೂಲಕ, ಬಲ್ಬಿನ ಹೊರಮೈಯ ಮೂಲಕ ಹಂತಹಂತವಾಗಿ ಹರಿದು ಗಾಳಿಗೆ ಸೇರಬೇಕು. ಪ್ರತಿ ಹಂತಕ್ಕೂ ಒಂದು ಉಷ್ಣರೋಧವಿದೆ. ಉದಾಹರಣೆಗೆ, 9 ವಾಟಿನ ಬಲ್ಬಿನಲ್ಲಿ 6 ವಾಟು ಶಾಖವಾಗುವುದೆಂದೂ, ಚಿಪ್ಪಿನಿಂದ ಗಾಳಿಯವರೆಗಿನ ಒಟ್ಟು ರೋಧ ವಾಟಿಗೆ 8 ಡಿಗ್ರಿಯೆಂದೂ ಇಟ್ಟುಕೊಂಡರೆ, ಚಿಪ್ಪು ಗಾಳಿಗಿಂತ 48 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. 25 ಡಿಗ್ರಿಯ ಪ್ರಯೋಗಶಾಲೆಯಲ್ಲಿ ಅದು 73. 42 ಡಿಗ್ರಿಯ ಕೋಣೆಯಲ್ಲಿ 90. ದೀಪ ಉರಿಯುವುದು ಇರುಳಿನಲ್ಲಲ್ಲವೇ ಎಂದು ಯಾರಾದರೂ ಕೇಳಬಹುದು. ಹಗಲೆಲ್ಲ ಕಾದ ಕಾಂಕ್ರೀಟ್ ಛಾವಣಿ ನಡುರಾತ್ರಿಯವರೆಗೂ ಶಾಖವನ್ನು ಕೆಳಗೆ ಬಿಡುತ್ತಿರುತ್ತದೆ. ಪತ್ರಾಸಿನ ಅಂಗಡಿಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ ದೀಪ ಉರಿಯುವುದೇ ಹಗಲಿನಲ್ಲಿ. ಈ ವಿಚಾರದಲ್ಲಿ ದಪ್ಪ ಗೋಡೆಯ ಹಳೆಯ ಮಣ್ಣಿನ ಮಾಳಿಗೆಮನೆ ಒಳಗಿರುವ ಜನರಿಗೂ ದೀಪಕ್ಕೂ ಸಮನಾಗಿ ಹಿತಕರವಾದುದು.

ಬಿಸಿಯ ಪರಿಣಾಮ ಎಲ್ಲ ಬಣ್ಣಗಳಿಗೂ ಒಂದೇ ಅಲ್ಲ. ಚಿಪ್ಪು 25ರಿಂದ 100 ಡಿಗ್ರಿಗೆ ಏರಿದಾಗ ನೀಲಿ ಡಯೋಡು ತನ್ನ ಬೆಳಕಿನಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ಕಳೆದುಕೊಂಡರೆ, ಅಲ್ಯೂಮಿನಿಯಂ ಗ್ಯಾಲಿಯಂ ಇಂಡಿಯಂ ಫಾಸ್ಫೈಡಿನ ಕೆಂಪು ಡಯೋಡು ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಏಕೆಂದರೆ ಅದರ ಪದರಗಳ ನಡುವಣ ಶಕ್ತಿಯ ತಡೆಗೋಡೆ ಗಿಡ್ಡ, ಬಿಸಿಗೆ ಚಂಚಲವಾದ ಎಲೆಕ್ಟ್ರಾನುಗಳು ಅದನ್ನು ದಾಟಿ ಹೊರಗೆ ಸೋರುತ್ತವೆ. ಆದರೂ ಮನೆಯ ಬಲ್ಬು ಕೆಡುವುದು ಬಹಳಷ್ಟು ಸಲ ಚಿಪ್ಪಿನಿಂದಲ್ಲ. ಕರೆಂಟನ್ನು ಹದಗೊಳಿಸುವ ಡ್ರೈವರ್ ಎಂಬ ಪುಟ್ಟ ಮಂಡಲದಲ್ಲಿ ದ್ರವ ತುಂಬಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇರುತ್ತದೆ. ಪ್ರತಿ ಹತ್ತು ಡಿಗ್ರಿ ಏರಿಕೆಗೆ ಅದರ ಆಯುಸ್ಸು ಅರ್ಧವಾಗುವುದೆಂಬುದು ಕಸಬಿನವರ ಅನುಭವಸಿದ್ಧ ಲೆಕ್ಕ. 25ರ ಬದಲು 42 ಡಿಗ್ರಿಯೆಂದರೆ ಆಯುಸ್ಸು ಮೂರನೆಯ ಒಂದು ಪಾಲಿಗಿಂತ ಕಡಮೆ. ಇದರ ಮೇಲೆ, ಹೊಲಗಳ ಪಂಪ್‌ಸೆಟ್ಟುಗಳು ಒಮ್ಮೆಗೇ ಶುರುವಾದಾಗ ಕುಸಿದು, ಒಮ್ಮೆಗೇ ನಿಂತಾಗ ಜಿಗಿಯುವ ವೋಲ್ಟೇಜಿನ ಏರಿಳಿತವನ್ನೂ ಆ ಮಂಡಲವೇ ತಾಳಿಕೊಳ್ಳಬೇಕು. ಸೌರದೀಪ ಇಲ್ಲಿ ಮೇಲು: ಬ್ಯಾಟರಿಯ ನೇರಪ್ರವಾಹ ಎಲ್‌ಇಡಿಗೆ ಸಹಜವಾದ ಆಹಾರವಾದುದರಿಂದ ಡ್ರೈವರಿನ ಭಾರ ಬಹಳ ಇಳಿಯುತ್ತದೆ. ಹರೀಶ್ ಹಂದೆಯವರು 1995ರಲ್ಲಿ ಸಹಸ್ಥಾಪಕರಾಗಿ ಕಟ್ಟಿದ ಬೆಂಗಳೂರಿನ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಈ ದಾರಿಯನ್ನು ತೆರೆಯಿತು.

ಲೇಸರಿನ ವಿಷಯ ಇನ್ನೂ ಸೂಕ್ಷ್ಮ. ಡಯೋಡು ಲೇಸರಾಗಬೇಕಾದರೆ, ಸ್ಫಟಿಕದೊಳಗೆ ಬೆಳಕು ಹೀರಲ್ಪಡುವುದಕ್ಕಿಂತ ಹೆಚ್ಚಾಗಿ ವರ್ಧಿಸಬೇಕು, ಆ ವರ್ಧನೆ ಎಲ್ಲ ನಷ್ಟಗಳನ್ನೂ ತುಂಬಿಕೊಡಬೇಕು. ಸ್ಫಟಿಕವನ್ನು ಅದರ ಸಹಜ ತಲಗಳಲ್ಲಿ ಸೀಳಿದಾಗ ಎರಡು ತುದಿಗಳಲ್ಲಿ ದೊರೆಯುವ ನುಣುಪು ಮುಖಗಳೇ ಕನ್ನಡಿಗಳು. ಪ್ರತಿಯೊಂದೂ ಬೆಳಕಿನ ಮೂರನೆಯ ಒಂದು ಪಾಲನ್ನು ಮಾತ್ರ ಹಿಂದಿರುಗಿಸುವುದರಿಂದ, ಅವುಗಳ ನಡುವಣ 300 ಮೈಕ್ರೊಮೀಟರ್ ಉದ್ದದ ಕುಹರದಲ್ಲಿ ಈ ನಷ್ಟವೊಂದನ್ನೇ ತುಂಬಲು ಸೆಂಟಿಮೀಟರಿಗೆ ಸುಮಾರು 38ರ ವರ್ಧನೆ ಬೇಕು. ಅದನ್ನು ಮುಟ್ಟುವ ಪ್ರವಾಹಕ್ಕೆ ಹೊಸ್ತಿಲ ಪ್ರವಾಹವೆಂದು ಹೆಸರು. 1962ರ ಲೇಸರುಗಳಿಗೆ ಕೋಣೆಯ ಉಷ್ಣತೆಯಲ್ಲಿ ಚದರ ಸೆಂಟಿಮೀಟರಿಗೆ ಹತ್ತಾರು ಸಾವಿರ ಆಂಪಿಯರುಗಳ ಹೊಸ್ತಿಲಿತ್ತು. ಹರ್ಬರ್ಟ್ ಕ್ರೋಮರ್ ಮತ್ತು ಜೋರೆಸ್ ಅಲ್ಫೆರೊವ್ 1963ರಲ್ಲಿ ಪ್ರತ್ಯೇಕವಾಗಿ ಸೂಚಿಸಿದ ದ್ವಿಭಿನ್ನಸಂಧಿಯಲ್ಲಿ, ಕಿರಿದಾದ ಶಕ್ತಿ ಅಂತರವುಳ್ಳ ತೆಳುಪದರವನ್ನು ಹಿರಿದಾದ ಅಂತರವುಳ್ಳ ಎರಡು ಪದರಗಳ ನಡುವೆ ಇಡಲಾಗುತ್ತದೆ. ಎಲೆಕ್ಟ್ರಾನುಗಳೂ ರಂಧ್ರಗಳೂ ಆ ತೆಳುಪದರದಲ್ಲಿ ಸೆರೆಯಾಗುವುದಲ್ಲದೆ, ಅದರ ವಕ್ರೀಭವನಾಂಕ ಹೆಚ್ಚಾದ ಕಾರಣ ಬೆಳಕೂ ಅಲ್ಲಿಯೇ ನೆಲೆಸುತ್ತದೆ. ಒಂದೇ ರಚನೆಯಿಂದ ಎರಡು ಸೆರೆ: ಈ ವಿದ್ಯೆಯಲ್ಲಿ ಇದಕ್ಕಿಂತ ಸುಂದರವಾದ ಉಪಾಯ ಮತ್ತೊಂದಿಲ್ಲ. ಹೊಸ್ತಿಲು ಸಾವಿರದ ಆಸುಪಾಸಿಗೆ ಇಳಿಯಿತು. 1970ರಲ್ಲಿ ಲೆನಿನ್‌ಗ್ರಾಡಿನಲ್ಲಿ ಅಲ್ಫೆರೊವನ ತಂಡವೂ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹಯಾಶಿ ಮತ್ತು ಪಾನಿಶ್ ಅವರೂ ಕೋಣೆಯ ಉಷ್ಣತೆಯಲ್ಲಿ ಲೇಸರನ್ನು ಎಡೆಬಿಡದೆ ಬೆಳಗಿಸಿದರು. ಕ್ರೋಮರ್, ಅಲ್ಫೆರೊವ್ ಇಬ್ಬರೂ 2000ದ ನೊಬೆಲ್ ಪ್ರಶಸ್ತಿಗೆ ಭಾಗಿಗಳಾದರು. ಮುಂದೆ ಕೆಲವೇ ನ್ಯಾನೊಮೀಟರ್ ದಪ್ಪದ ಕ್ವಾಂಟಂ ಬಾವಿಗಳು ಬಂದು ಹೊಸ್ತಿಲನ್ನು ಇನ್ನೂ ಹತ್ತುಪಟ್ಟು ತಗ್ಗಿಸಿದುವು.

ಉಷ್ಣತೆ ಏರಿದಂತೆ ಹೊಸ್ತಿಲ ಪ್ರವಾಹ ಘಾತೀಯವಾಗಿ ಏರುತ್ತದೆ; ಏರಿಕೆಯ ವೇಗವನ್ನು ಹೇಳುವ ಲಕ್ಷಣೋಷ್ಣತೆ ಎಂಬ ಸಂಖ್ಯೆ ದೊಡ್ಡದಾದಷ್ಟೂ ಲೇಸರು ಬಿಸಿಗೆ ಗಟ್ಟಿ. ಗ್ಯಾಲಿಯಂ ಆರ್ಸೆನೈಡ್ ವರ್ಗದಲ್ಲಿ ಅದು ನೂರಿಪ್ಪತ್ತು ಕೆಲ್ವಿನ್ನಿನಿಂದ ಮೇಲೆ. ಗಾಜಿನ ಎಳೆಯ ಸಂಪರ್ಕಕ್ಕೆ ಬೇಕಾದ 1310 ಮತ್ತು 1550 ನ್ಯಾನೊಮೀಟರುಗಳಿಗೆ ಒದಗುವ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಫಾಸ್ಫೈಡಿನಲ್ಲಿ, ಓಜೆ ಕ್ರಿಯೆಯ ಮತ್ತು ಎಲೆಕ್ಟ್ರಾನ್ ಸೋರಿಕೆಯ ದೆಸೆಯಿಂದ, 50ರಿಂದ 70 ಮಾತ್ರ. ಅದು 60 ಇರುವ ಲೇಸರು 25ರಿಂದ 65 ಡಿಗ್ರಿಗೆ ಬಿಸಿಯಾದರೆ 10 ಮಿಲಿಆಂಪಿಯರಿನ ಹೊಸ್ತಿಲು ಹೆಚ್ಚುಕಡಮೆ 20ಕ್ಕೆ ಏರುತ್ತದೆ. ಫಾಸ್ಫರಸ್ಸಿನ ಬದಲು ಅಲ್ಯೂಮಿನಿಯಮ್ಮನ್ನು ಬೆರೆಸಿದ ಮಿಶ್ರಣದಲ್ಲಿ ಎಲೆಕ್ಟ್ರಾನನ್ನು ತಡೆಯುವ ಗೋಡೆ ಎತ್ತರವಾಗಿ, ಈ ಸಂಖ್ಯೆ 80ರಿಂದ 100ಕ್ಕೆ ಬರುವುದರಿಂದ, ತಂಪುಯಂತ್ರವಿಲ್ಲದೆ ದುಡಿಯಬೇಕಾದ ಲೇಸರಿಗೆ ಈಗ ಇದನ್ನೇ ಆರಿಸುವುದು ರೂಢಿ.

ಇದು ದೂರದ ಮಾತಲ್ಲ. 2011ರಲ್ಲಿ ರಾಷ್ಟ್ರೀಯ ದ್ಯುತಿತಂತು ಜಾಲವೆಂದು ಮಂಜೂರಾಗಿ ಬಳಿಕ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲಿ, ತಾಲ್ಲೂಕು ಕೇಂದ್ರದ ದೂರವಾಣಿ ವಿನಿಮಯ ಕೇಂದ್ರದಲ್ಲಿರುವ ಲೇಸರು 1490 ನ್ಯಾನೊಮೀಟರಿನಲ್ಲಿ ಹೊರಡಿಸಿದ ಬೆಳಕು ಗಾಜಿನ ಎಳೆಯಲ್ಲಿ ಹರಿದು, ವಿದ್ಯುತ್ತು ಬೇಡದ ವಿಭಾಜಕದಲ್ಲಿ ಕವಲೊಡೆದು, ಗ್ರಾಮ ಪಂಚಾಯಿತಿಗಳನ್ನು ಸೇರುತ್ತದೆ. ಪಂಚಾಯಿತಿಯ ಪೆಟ್ಟಿಗೆಯಲ್ಲಿರುವ ಲೇಸರು 1310ರಲ್ಲಿ ಮರುನುಡಿಯುತ್ತದೆ. ಈ ಏರ್ಪಾಡಿನ ಸಾಮಾನ್ಯ ದರ್ಜೆಯಲ್ಲಿ ಬೆಳಕು ದಾರಿಯಲ್ಲಿ 28 ಡೆಸಿಬೆಲ್ಲಿನಷ್ಟು, ಎಂದರೆ 630ರಲ್ಲಿ ಒಂದು ಪಾಲಿನವರೆಗೆ, ಕುಗ್ಗಿದರೂ ನಡೆದೀತು. ಮೂವತ್ತೆರಡು ಕವಲುಗಳ ವಿಭಾಜಕಕ್ಕೆ 17, ಇಪ್ಪತ್ತು ಕಿಲೊಮೀಟರ್ ಎಳೆಗೆ 7 ಡೆಸಿಬೆಲ್ ಹೋದರೆ ಮಿಗುವುದು ನಾಲ್ಕೇ. ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆನೆಲ ಕೇಬಲ್ಲನ್ನು ಹಿಂಡಿದರೆ, ಜೋಡಣೆಯ ತುದಿಗೆ ಧೂಳು ಕುಳಿತರೆ, ಲೇಸರು ಬಿಸಿಗೆ ಸೊರಗಿದರೆ, ಆ ನಾಲ್ಕು ಡೆಸಿಬೆಲ್ಲಿನಿಂದಲೇ ತೆರಬೇಕು.

ವಿನ್ಯಾಸಕರು ಇದನ್ನು ಮೊದಲೇ ಯೋಚಿಸಿದ್ದಾರೆ. ಶಾಖದಿಂದ ಶಕ್ತಿ ಅಂತರ ಕುಗ್ಗುವ ಕಾರಣ ಸೀಳುಮುಖದ ಸಾಮಾನ್ಯ ಲೇಸರಿನ ಬಣ್ಣ ಪ್ರತಿ ಡಿಗ್ರಿಗೆ 0.4 ನ್ಯಾನೊಮೀಟರಿನಷ್ಟು ಸರಿಯುತ್ತದೆ. ಕುಹರದುದ್ದಕ್ಕೂ ಸುಮಾರು 230 ನ್ಯಾನೊಮೀಟರಿಗೊಂದರಂತೆ ಏರಿಳಿವಿನ ಜಾಲರಿಯನ್ನು ಕೊರೆದ ವಿತರಿತ ಪ್ರತಿಪೋಷಣದ ಲೇಸರಿನಲ್ಲಿ ಸರಿತ 0.1 ಮಾತ್ರ. ಆದುದರಿಂದ ತಾಲ್ಲೂಕು ಕೇಂದ್ರದ ಲೇಸರಿಗೆ 1480ರಿಂದ 1500ರವರೆಗಿನ ಕಿರಿದಾದ ಓಣಿಯನ್ನೂ, ಹಳ್ಳಿಯ ಅಗ್ಗದ, ತಂಪುಯಂತ್ರವಿಲ್ಲದ ಲೇಸರಿಗೆ 1260ರಿಂದ 1360ರವರೆಗಿನ ವಿಶಾಲ ಮಾರ್ಗವನ್ನೂ ಅಂತಾರಾಷ್ಟ್ರೀಯ ಮಾನಕ ಬಿಟ್ಟುಕೊಟ್ಟಿದೆ. ಎಲ್ಲ ಹಳ್ಳಿಗಳ ಲೇಸರುಗಳೂ ಒಂದೇ ಎಳೆಯನ್ನು ಹಂಚಿಕೊಳ್ಳುವುದರಿಂದ ಪ್ರತಿಯೊಂದೂ ತನ್ನ ಸರದಿಯಲ್ಲಿ ಮಾತ್ರ ಬೆಳಗಿ ಮಿಕ್ಕ ಹೊತ್ತು ಸಂಪೂರ್ಣ ಆರಿರಬೇಕು. ಹಿಂಬದಿಯ ಮುಖದಿಂದ ಸೋರುವ ಬೆಳಕನ್ನು ಪುಟ್ಟ ಶೋಧಕವೊಂದು ಅಳೆದು, ಏರಿದ ಹೊಸ್ತಿಲಿಗೆ ತಕ್ಕಂತೆ ಪ್ರವಾಹವನ್ನು ಏರಿಸುತ್ತಿರುತ್ತದೆ. ಪ್ರವಾಹ ಏರಿದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಹೊಸ್ತಿಲು ಏರುತ್ತದೆ. ಈ ಚಕ್ರವನ್ನು ಕಡಿಯಬಲ್ಲದ್ದು ಗಾಳಿಯಾಡುವ ಜಾಗವೊಂದೇ.

ಅರೆವಾಹಕ ಲೇಸರಿನ ಉಳಿದ ಉಪಯೋಗಗಳನ್ನು ಇಲ್ಲಿ ಹೆಸರಿಸಿದರೆ ಸಾಕು: ಮುದ್ರಣಯಂತ್ರ, ಅಂಗಡಿಯ ಪಟ್ಟಿಸಂಕೇತ ಓದುಗ, ಭೂಮಾಪಕರ ಟೋಟಲ್ ಸ್ಟೇಷನ್, ನೀರಾವರಿಯ ಹೊಲವನ್ನು ಸಮಮಾಡುವ ಲೇಸರ್ ಸಮತಲಕ. ಕರ್ನಾಟಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಗ್ಯಾಲಿಯಂ ನೈಟ್ರೈಡಿನ ಪದರಗಳನ್ನು ಬೆಳೆಸುವ ಸಂಶೋಧನೆ ನಡೆಯುತ್ತಿದೆ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ಚಂದ್ರನ ನೆಲದ ಏರುತಗ್ಗುಗಳನ್ನು ಅಳೆದ ಲೇಸರ್ ಉಪಕರಣ ಬೆಂಗಳೂರಿನ ಇಸ್ರೊ ವಿದ್ಯುದ್ದ್ಯುತಿ ಪ್ರಯೋಗಶಾಲೆಯ ಕೃತಿ.

ಪಂಚಾಯಿತಿಯವರಿಗೂ, ಬೀದಿದೀಪ ಕೊಳ್ಳುವ ಪುರಸಭೆಯವರಿಗೂ ಒಂದು ಬಿನ್ನಹ. ಸಂಪರ್ಕದ ಲೇಸರುಗಳು 0ಯಿಂದ 70 ಡಿಗ್ರಿಯ ವಾಣಿಜ್ಯ ದರ್ಜೆಯಲ್ಲಿಯೂ, ಸೊನ್ನೆಗಿಂತ 40 ಕೆಳಗಿನಿಂದ 85ರವರೆಗಿನ ಕೈಗಾರಿಕಾ ದರ್ಜೆಯಲ್ಲಿಯೂ ದೊರೆಯುತ್ತವೆ. ಈ ಸೀಮೆಗೆ ಎರಡನೆಯದನ್ನೇ ಕೇಳಿರಿ. ದೀಪದ ಟೆಂಡರಿನಲ್ಲಿ ವಾಟು ಮತ್ತು ಬೆಲೆಯ ಜತೆಗೆ 50 ಡಿಗ್ರಿಯ ಸುತ್ತುಗಾಳಿಯಲ್ಲಿ ಇಂತಿಷ್ಟು ಬೆಳಕು, ಇಂತಿಷ್ಟು ಆಯುಸ್ಸು ಎಂಬ ಷರತ್ತನ್ನು ಬರೆಯಿರಿ. ಬಲ್ಬಿನ ಮೇಲೆ ಐಎಸ್ 16102ರ ಗುರುತಿದೆಯೇ ನೋಡಿರಿ. ಇಂಟರ್ನೆಟ್ ಪೆಟ್ಟಿಗೆಯನ್ನು ಪಡುವಣ ಬಿಸಿಲು ಬೀಳುವ ಗೋಡೆಗೆ ಬಿಗಿಯದೆ, ಮುಚ್ಚಿದ ಕಪಾಟಿನಲ್ಲಿಡದೆ, ಗಾಳಿಯಾಡುವ ಬಡಗಣ ಗೋಡೆಗೆ ಬಿಗಿಸಿರಿ.